ಮೂರನೆಯ ವಾದ್ಯ

ನಮ್ಮ ದೊಡ್ಡಮ್ಮನ ಕೈ ಊರಿನ ಅರ್ಧ ಜನರ ಬಾಯೊಳಗೆ ಹೋಗಿ ಬಂದಿದೆ. ಹೀಗೆ ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. "ಕೈ ಹಾಕೋರು ಡಾಕ್ಟ್ರು, ನಾನು ಪೈಪ್ ಹಿಡ್ಕೊಳ್ಳೋಳು" ಎನ್ನುತ್ತಾಳೆ. ಹೌದು, ಅವಳ ಕೆಲಸ ಅದೇ. ಡಾಕ್ಟರು ಹಲ್ಲು ಕೊರೆಯುವಾಗ ರೋಗಿಯ ಬಾಯಲ್ಲಿ ತುಂಬುವ ನೀರನ್ನು ಎಳೆದುಕೊಳ್ಳುವ ಬಾಗಿದ ಪೈಪನ್ನು ತುಟಿಯಂಚಿಗೆ ಸಿಕ್ಕಿಸಿ ಹಿಡಿಯುವುದು, ಗಾಜಿನ ತುಂಡಿನ ಮೇಲೆ ಪುಡಿಗೆ ಎರಡು ತೊಟ್ಟು ದ್ರವ ಬಿಟ್ಟು ಹಲ್ಲಿನ ಸಿಮೆಂಟು ಕಲೆಸುವುದು, ಸಲಕರಣೆ ಕುದಿಸಿ ಟ್ರೇಯಲ್ಲಿ ಜೋಡಿಸುವುದು, ಆಮೇಲೆ "ಮುಕ್ಕಳಿಸಿ" ಎನ್ನುವುದು. ಈ ಕೊನೆಯ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಾಳೆಂದರೆ, ಬೀದಿಯ ಮಕ್ಕಳು ಅವಳನ್ನು ಮುಕ್ಕಳಿಸಮ್ಮ ಎಂದೇ ಕರೆಯುತ್ತಿದ್ದರು. ಅವಳೂ ಆ ಹೆಸರಿಗೆ ಓಗೊಡುತ್ತಿದ್ದಳು.

ನನ್ನ ಅಮ್ಮ ಅವಳ ತಂಗಿ. ಅಮ್ಮನಿಗೂ ಹೊರಗೆ ದುಡಿಮೆ ಇದ್ದದ್ದರಿಂದ ಶಾಲೆ ಬಿಟ್ಟ ಮೇಲೆ ನಾನು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಮನೆಪಾಠ ಬರೆಯುವುದು ವಾಡಿಕೆ. ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ, ಹತ್ತಲು ಇಕ್ಕಟ್ಟಾದ ಮೆಟ್ಟಿಲು. ಹೊರಕೋಣೆಯಲ್ಲಿ ರೆಕ್ಸಿನ್ ಹರಿದ ಬೆಂಚು, ಗೋಡೆಯ ಮೇಲೆ ಸೀಳಿದ ಹಲ್ಲಿನ ಬಣ್ಣದ ಚಿತ್ರ, ಬಸ್ ಸ್ಟಾಪಿಗೆ ಮುಖ ಮಾಡಿದ ಕಿಟಕಿ. ಒಳಕೋಣೆಯಲ್ಲಿ ಆ ಕುರ್ಚಿ. ಎರಡಕ್ಕೂ ಸೇರಿ ಒಂದೇ ಲವಂಗದೆಣ್ಣೆಯ ವಾಸನೆ. ಮೆಟ್ಟಿಲ ಅರ್ಧಕ್ಕೆ ಬಂದ ಎಷ್ಟೋ ಜನ ಒಳಗಿನ ಡ್ರಿಲ್ಲಿನ ಸದ್ದು ಕೇಳಿ, ನೋವೇ ವಾಸಿಯಾದವರಂತೆ ಇಳಿದು ಹೋಗುತ್ತಿದ್ದರು. ಡಾಕ್ಟರೋ, ಇರುವೆ ತುಳಿದರೂ ಕ್ಷಮೆ ಕೇಳುವ ಮನುಷ್ಯ. ತಮ್ಮ ಕೈಯಲ್ಲಿರುವ ಯಂತ್ರಕ್ಕೆ ಇಡೀ ಊರು ಹೆದರುತ್ತದೆ ಎಂಬ ಸಂಕಟ ಅವರಿಗೆ ಮೊದಲಿನಿಂದಲೂ ಇತ್ತು.

ಆ ಸಂಕಟಕ್ಕೇ ಅವರು ಒಂದು ಟೇಪ್ ರೆಕಾರ್ಡರ್ ತಂದರು. ಜೊತೆಗೆ ಸಿನಿಮಾ ಹಾಡಿನ ಒಂದಷ್ಟು ಕ್ಯಾಸೆಟ್ಟು. ಯಾರೂ ಕೊಳ್ಳದೆ ಧೂಳು ಹಿಡಿದಿದ್ದ ಇನ್ನೊಂದು ಕ್ಯಾಸೆಟ್ಟನ್ನು ಅಂಗಡಿಯವನು ಪುಕ್ಕಟೆ ಸೇರಿಸಿ ಕೊಟ್ಟಿದ್ದ. ಅದರ ಮೇಲೆ ನಟನಟಿಯರ ಮುಖವಿರಲಿ, ಮನುಷ್ಯರ ಮುಖವೇ ಇರಲಿಲ್ಲ. ಬರೀ ನೀಲಿ. ದೊಡ್ಡಮ್ಮ ಅದನ್ನು ಹತ್ತಿಯ ಡಬ್ಬಿಯ ಹಿಂದಕ್ಕೆ ತಳ್ಳಿದ್ದಳು.

ಸಿನಿಮಾ ಹಾಡಿನಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಯಿತು. ಗಾಯಕಿ ಇಂಪಾಗಿ ಹಾಡುತ್ತಿರುವಾಗ ನಡುವೆ ಡ್ರಿಲ್ಲು ಝೀಂಯ್ ಎಂದರೆ ಊಟದಲ್ಲಿ ಕಲ್ಲು ಸಿಕ್ಕಂತೆ. ಹಾಡು ಎಷ್ಟು ಸಿಹಿಯೋ ಡ್ರಿಲ್ಲು ಅಷ್ಟು ಕರ್ಕಶ. ಒಬ್ಬ ಹೆಂಗಸಂತೂ ತನ್ನ ಮೆಚ್ಚಿನ ಹಾಡನ್ನು ಕೆಡಿಸಿದ್ದಕ್ಕೆ ಡಾಕ್ಟರನ್ನೇ ಬೈದಳು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಬಸ್ ಡ್ರೈವರ್ ಬಂದ. ಆಳು ನೋಡಿದರೆ ಬಸ್ಸನ್ನೇ ಎತ್ತಿ ಇಡುವಂತಿದ್ದ. ಕುರ್ಚಿಯಲ್ಲಿ ಕೂತ ಮೇಲೆ ಮಾತ್ರ ಕಾಲ್ಚೀಲದೊಳಗೆ ಅವನ ಬೆರಳು ಮಡಚಿಕೊಂಡಿದ್ದನ್ನು ದೊಡ್ಡಮ್ಮ ನೋಡಿದಳು. ಭಯದ ಲೆಕ್ಕ ಹಾಕಲು ಅವಳು ಮುಖ ನೋಡುವವಳಲ್ಲ. ಮುಖ ಸುಳ್ಳು ಹೇಳುತ್ತದೆ, ಕಾಲ್ಬೆರಳು ಹೇಳುವುದಿಲ್ಲ ಎಂಬುದು ಅವಳ ಸಿದ್ಧಾಂತ. ಅದೇ ಹೊತ್ತಿಗೆ ಹಾಡಿನ ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡು ಕರುಳಿನಂತೆ ಹೊರಗೆ ಬಂತು. ಕೈಗೆ ಸಿಕ್ಕಿದ್ದು ಆ ನೀಲಿ ಕ್ಯಾಸೆಟ್ಟು. ಹಾಕಿದಳು.

ಮೊದಲು ಏನೂ ಇಲ್ಲ. ಆಮೇಲೆ ಗುಂಯ್ ಎಂಬ ಒಂದು ಮೊರೆತ. ದೊಡ್ಡಮ್ಮ ಪೈಪಿನ ಮೋಟಾರು ಕೆಟ್ಟಿತೆಂದು ಅದನ್ನು ಆರಿಸಿದಳು. ಮೊರೆತ ನಿಲ್ಲಲಿಲ್ಲ. ಸಲಕರಣೆ ಕುದಿಯುವ ಪೆಟ್ಟಿಗೆಯನ್ನು ಆರಿಸಿದಳು. ಫ್ಯಾನು ನಿಲ್ಲಿಸಿದಳು. ಡಾಕ್ಟರು ಡ್ರಿಲ್ಲು ಹಿಡಿದು, ಡ್ರೈವರ್ ಬಾಯಿ ತೆರೆದು, ಇಬ್ಬರೂ ಅವಳ ಓಡಾಟವನ್ನೇ ನೋಡುತ್ತಿದ್ದರು. ಕೊನೆಗೆ ಟೇಪ್ ರೆಕಾರ್ಡರಿನ ನೆತ್ತಿಗೆ ಒಂದು ಕುಟ್ಟಬೇಕೆಂದು ಕೈ ಎತ್ತಿದಾಗ ಆ ಮೊರೆತದೊಳಗಿಂದ ಸಣ್ಣ ಸಣ್ಣ ಸ್ವರಗಳು ಹೊರಟವು. ಟುಕುಟುಕು ಟುಕುಟುಕು ಎಂದು ಒಂದೇ ಸಮನೆ, ಸುತ್ತಿದ್ದನ್ನೇ ಸುತ್ತುತ್ತಾ, ಪ್ರತಿ ಸುತ್ತಿಗೂ ಎಲ್ಲೋ ಒಂದು ಕಾಳಿನಷ್ಟು ಬದಲಾಗುತ್ತಾ. ಡಾಕ್ಟರು ಕಾದು ಬೇಸತ್ತು ಡ್ರಿಲ್ಲು ಚಾಲೂ ಮಾಡಿದರು. ಆಗ ಒಂದು ವಿಚಿತ್ರ ನಡೆಯಿತು. ಡ್ರಿಲ್ಲಿನ ಸದ್ದು ಆ ಸಂಗೀತದೊಳಗೆ ಇಳಿದು ಹೋಯಿತು. ನೀರಿಗೆ ನೀರು ಸೇರಿದಂತೆ. ಯಾವುದು ಕ್ಯಾಸೆಟ್ಟಿನದು, ಯಾವುದು ಕೈಯಲ್ಲಿರುವುದು ಎಂದು ಹೇಳಲಾಗುತ್ತಿರಲಿಲ್ಲ. ಡ್ರೈವರನ ಕಾಲ್ಬೆರಳು ಒಂದೊಂದಾಗಿ ಬಿಚ್ಚಿಕೊಂಡವು.

ತುಂಬ ಹೊತ್ತಿನ ಮೇಲೆ, ಡಾಕ್ಟರು ಕನ್ನಡಿ ಒರೆಸಲು ನಿಲ್ಲಿಸಿದ್ದ ಹೊತ್ತಿಗೆ ಸರಿಯಾಗಿ, ಗಿಟಾರು ಬಂತು. ಎಳೆದ ಒಂದೇ ಸ್ವರ. ಅದು ಮೇಲಕ್ಕೆ ಹೋಗಿ ಅಲ್ಲೇ ನಿಂತು, ಆಮೇಲೆ ನಿಧಾನವಾಗಿ ಮಾತಾಡತೊಡಗಿತು. ದೊಡ್ಡಮ್ಮ ಪೈಪು ಹಿಡಿದುಕೊಂಡೇ ನಿಂತಳು. ಮುಕ್ಕಳಿಸಿ ಎನ್ನುವುದನ್ನು ಮರೆತಳು. ಪಾಪ ಡ್ರೈವರ್ ಬಾಯಿತುಂಬ ನೀರು ಇಟ್ಟುಕೊಂಡು ಅಪ್ಪಣೆಗಾಗಿ ಕಾಯುತ್ತಿದ್ದ.

ಅಂದು ಮನೆಗೆ ನಡೆದು ಬರುವಾಗ ಅವಳು ನನ್ನ ಕೈ ಹಿಡಿದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಯಾರೋ ದೂರದಿಂದ ನಡ್ಕೊಂಡು ಬರ್ತಾ ಇದ್ರು ಅನ್ನಿಸ್ತು ಪುಟ್ಟಿ. ಅಷ್ಟು ಹೊತ್ತಿಂದಾನೂ ಬರ್ತಾನೇ ಇದ್ರು. ಬಾಗಿಲು ತೆಗೆದಾಗ್ಲೇ ನಂಗೆ ಗೊತ್ತಾಗಿದ್ದು."

ನನಗೆ ಆಗ ಏಳೋ ಎಂಟೋ ವರ್ಷ. "ಯಾರು ಬಂದಿದ್ರು?" ಎಂದು ಕೇಳಿದೆ. ಅವಳು ನಕ್ಕಳು.

ಅಲ್ಲಿಂದ ಮುಂದೆ ಕ್ಲಿನಿಕ್ಕಿನಲ್ಲಿ ಬೇರೆ ಹಾಡಿಲ್ಲ. ಕ್ರಮೇಣ ಅವರಿಬ್ಬರೂ ಆ ಸಂಗೀತಕ್ಕೆ ತಕ್ಕಂತೆ ಕೆಲಸ ಮಾಡಲು ಕಲಿತರು. ಸ್ವರಗಳು ದಟ್ಟವಾಗಿ ಸುತ್ತುವ ಜಾಗದಲ್ಲಿ ಡಾಕ್ಟರು ಕೊರೆಯುವುದು. ಗಿಟಾರು ಬರುವ ಮುಂಚೆ ದೊಡ್ಡಮ್ಮ ಮೊಣಕೈಯಿಂದ ಅವರನ್ನು ಮೆಲ್ಲಗೆ ತಿವಿಯುವುದು. ಅವರು ಡ್ರಿಲ್ಲು ನಿಲ್ಲಿಸುವುದು. ರೋಗಿ ಮುಕ್ಕಳಿಸುವುದು. ಗಿಟಾರಿನ ಮೇಲೆ ಡ್ರಿಲ್ಲಿನ ಸದ್ದು ಬೀಳಲು ಅವಳು ಒಂದು ದಿನವೂ ಬಿಡಲಿಲ್ಲ. ಕ್ಯಾಸೆಟ್ಟು ಸವೆದಾಗ ಡಾಕ್ಟರು ಅದರ ಪ್ರತಿ ಮಾಡಿಸಿದರು, ಪ್ರತಿ ಸವೆದಾಗ ಅದರ ಪ್ರತಿ. ಹೆಚ್ಚು ಕಡಿಮೆ ಮೂವತ್ತು ವರ್ಷ ಹೀಗೇ ನಡೆಯಿತು.

ನನ್ನ ವಿಷಯ ಹೇಳಿಬಿಡುತ್ತೇನೆ. ನನಗೆ ಆ ಸಂಗೀತ ಕಂಡರೆ ಆಗುತ್ತಿರಲಿಲ್ಲ. ಮಿಠಾಯಿ ತಿಂದು ದವಡೆ ಹಲ್ಲು ಹಾಳುಮಾಡಿಕೊಂಡು ನಾನೂ ಆ ಕುರ್ಚಿ ಏರಿದವಳೇ. ಆಮೇಲೆ ಆ ಟುಕುಟುಕು ಶುರುವಾದರೆ ಸಾಕು, ತುಂಬಿಸಿದ ಹಲ್ಲು ಜುಮ್ಮೆನ್ನುತ್ತಿತ್ತು. ಬೆಂಚಿನ ಮೇಲೆ ಕಿವಿಗೆ ಬೆರಳಿಟ್ಟುಕೊಂಡು ಮಗ್ಗಿ ಬಾಯಿಪಾಠ ಮಾಡಿದ್ದೇನೆ.

ಇನ್ನು ದೊಡ್ಡಪ್ಪ. ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬರೆಯುವ ಕೆಲಸ ಅವನದು. ದಿನವಿಡೀ ನಡೆದು, ಹೆಂಡತಿಗಿಂತ ಮುಂಚೆ ಮನೆಗೆ ಬಂದು, ಅಡುಗೆ ಅವನೇ ಮಾಡುತ್ತಿದ್ದ. ಊರಿನ ಹಲ್ಲೆಲ್ಲ ಹೆಂಡತಿಯ ಕೈಲಿ, ಅವನ ಬಾಯಲ್ಲಿ ಮಾತ್ರ ಬೆರಳೆಣಿಕೆಯಷ್ಟು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಹಲ್ಲು ಅಲ್ಲಾಡಿದರೆ ದಾರ ಕಟ್ಟಿ ಬಾಗಿಲಿಗೆ ಬಿಗಿದು ತಾನೇ ಕಿತ್ತುಕೊಳ್ಳುತ್ತಿದ್ದನೇ ಹೊರತು ಕ್ಲಿನಿಕ್ಕಿನ ಮೆಟ್ಟಿಲನ್ನು ಒಂದು ದಿನವೂ ತುಳಿದವನಲ್ಲ. ಮಳೆ ಬಂದರೆ ಛತ್ರಿ ಹಿಡಿದು ಚಪ್ಪಲಿ ಅಂಗಡಿಯ ಮುಂದೆ ನಿಂತು ಅವಳಿಗಾಗಿ ಕಾಯುತ್ತಿದ್ದ, ಅಷ್ಟೆ. ಅವರ ಮನೆಯಲ್ಲಿ ಇದ್ದದ್ದು ವಾರ್ತೆ ಕೇಳುವ ರೇಡಿಯೋ ಒಂದೇ. ದೊಡ್ಡಮ್ಮನ ಸಂಗೀತ ಮನೆಗೆ ಬಂದದ್ದೇ ಇಲ್ಲ.

ಡಾಕ್ಟರಿಗೆ ಕೈ ನಡುಗಲು ಶುರುವಾದಾಗ ಅವರು ಕ್ಲಿನಿಕ್ಕು ಮುಚ್ಚಿದರು. ದೊಡ್ಡಮ್ಮನಿಗೂ ಅದೇ ನಿವೃತ್ತಿ. ಕೊನೆಯ ದಿನ ಹೊರಕೋಣೆಯಲ್ಲಿ ಟೀ ಬಿಸ್ಕತ್ತಿನ ಒಂದು ಸಣ್ಣ ಕೂಟ. ಹಳೆಯ ರೋಗಿಗಳೆಲ್ಲ ಬಂದಿದ್ದರು. ಡಾಕ್ಟರು ಅವಳಿಗೆ ಒಂದು ಸಿ.ಡಿ. ಪ್ಲೇಯರ್ ಕೊಟ್ಟರು. ಜೊತೆಗೆ ಅದೇ ನೀಲಿ ಹೊದಿಕೆಯ ಹೊಸ ಸಿ.ಡಿ. ಎಲ್ಲೆಲ್ಲೋ ಹುಡುಕಿಸಿ ತರಿಸಿದ್ದರಂತೆ. ದೊಡ್ಡಮ್ಮನಿಗೆ ಹೇಳತೀರದ ಸಂತೋಷ. "ಎಲ್ರೂ ಒಂದ್ಸಲ ಒಟ್ಟಿಗೆ ಕೂತು ಕೇಳೋಣ" ಎಂದು ಅಲ್ಲೇ ಹಾಕಿಬಿಟ್ಟಳು.

ಮೊರೆತ ಶುರುವಾಯಿತು. ಟೀ ಕಪ್ಪುಗಳು ನಿಂತವು. ಟುಕುಟುಕು ಶುರುವಾಯಿತು. ಆಗ ನಾನು ನೋಡಿದೆ. ಕೋಣೆಯಲ್ಲಿದ್ದ ಅಷ್ಟೂ ಜನರ ಕೈ, ಅವರಿಗೇ ಗೊತ್ತಿಲ್ಲದಂತೆ, ನಿಧಾನವಾಗಿ ಮೇಲೆದ್ದು ಕೆನ್ನೆಗೆ ಹೋಯಿತು. ಕೆಲವರು ಎಡಗೆನ್ನೆ, ಕೆಲವರು ಬಲಗೆನ್ನೆ, ಎಲ್ಲೆಲ್ಲಿ ಕೊರೆಸಿಕೊಂಡಿದ್ದರೋ ಅಲ್ಲಲ್ಲಿ. ಶಾಲೆಯ ಮೇಷ್ಟ್ರು ಒಬ್ಬರು ಕಣ್ಣು ಮುಚ್ಚಿ ಬಾಯಿ ತೆರೆದೇಬಿಟ್ಟರು. ಬಸ್ ಡ್ರೈವರೂ ಬಂದಿದ್ದ, ತಲೆ ಪೂರ್ತಿ ನರೆತಿತ್ತು. "ಬಸ್ಸಿಗೆ ಹೊತ್ತಾಯ್ತು ಸಿಸ್ಟರ್" ಎಂದು ಎದ್ದ. ಅವನು ಡ್ಯೂಟಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಗಿಟಾರು ಬರುವ ಹೊತ್ತಿಗೆ ಉಳಿದದ್ದು ನಾನು, ಡಾಕ್ಟರು, ಒಂದು ತಟ್ಟೆ ಬಿಸ್ಕತ್ತು.

ದೊಡ್ಡಮ್ಮ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಪ್ಪು ತೊಳೆಯುವಾಗ ನಗು ನಿಂತಿತು.

"ಇಷ್ಟು ವರ್ಷ ಇಷ್ಟು ಜನಕ್ಕೆ ಕೇಳಿಸ್ದೆ ಪುಟ್ಟಿ. ಖುಷಿ ಕೊಡ್ತಾ ಇದೀನಿ ಅಂದ್ಕೊಂಡಿದ್ದೆ. ಹೆದರಿಸ್ತಾ ಇದ್ದೆ, ಅಲ್ವಾ?"

"ಹಾಗೇನಿಲ್ಲ ದೊಡ್ಡಮ್ಮ" ಎಂದೆ, ಕೆನ್ನೆಯಿಂದ ಕೈ ತೆಗೆಯುತ್ತಾ.

"ಒಬ್ರು. ನಾನು ಸಾಯೋದ್ರೊಳಗೆ ಒಬ್ರೇ ಒಬ್ರು ಇದನ್ನ ನನ್ನ ಜೊತೆ ಕೂತು ಪೂರ್ತಿ ಕೇಳಿ, ಚೆನ್ನಾಗಿದೆ ಅನ್ಬೇಕು. ಅಷ್ಟು ಸಾಕು ನಂಗೆ."

ಅವಳು ಜೀವನದಲ್ಲಿ ಯಾರ ಹತ್ತಿರವೂ ಏನನ್ನೂ ಬೇಡಿದವಳಲ್ಲ. ಆ ಒಬ್ಬಳು ನಾನೇ ಆಗುತ್ತೇನೆಂದು ಮರುವಾರವೇ ಅವಳ ಮನೆಗೆ ಹೋಗಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮನಸ್ಸು ಕೇಳಬೇಕೆನ್ನುತ್ತಿತ್ತು, ಹಲ್ಲು ಬೇಡವೆನ್ನುತ್ತಿತ್ತು. ಗಿಟಾರು ಬರುವ ಮುಂಚೆಯೇ ಫೋನ್ ಬಂತೆಂದು ಸುಳ್ಳು ಹೇಳಿ ಹೊರಗೆ ಹೋದೆ. ಅವಳಿಗೆ ಗೊತ್ತಾಯಿತು. ದೊಡ್ಡಪ್ಪನಂತೂ ಅವಳು ಸಿ.ಡಿ. ಹಾಕಿದ ತಕ್ಷಣ ಎದ್ದು ಅಡುಗೆಮನೆಗೆ ಹೋಗುತ್ತಿದ್ದ. ಒಬ್ಬಳೇ ಕೇಳುವುದು ಅವಳ ಮಧ್ಯಾಹ್ನದ ಅಭ್ಯಾಸವಾಯಿತು.

ಕೆಲವು ದಿನ ಕಳೆದ ಮೇಲೆ ಅವಳೇ ಫೋನು ಮಾಡಿದಳು. ಧ್ವನಿಯಲ್ಲಿ ಜಗಳದ ಉತ್ಸಾಹ.

"ಪುಟ್ಟಿ, ಈ ಹೊಸಾ ಸೀಡೀಲಿ ಮೋಸ ಆಗಿದೆ ಕಣೆ. ಒಂದು ವಾದ್ಯ ಕಿತ್ತು ಹಾಕಿದಾರೆ!"

"ಯಾವ ವಾದ್ಯ?"

"ಹೆಸರು ಗೊತ್ತಿಲ್ಲ. ಸಣ್ಣಗೆ, ಎತ್ತರದಲ್ಲಿ, ಬಂದು ಬಂದು ಹೋಗುತ್ತೆ. ಎಷ್ಟು ಚೆನ್ನಾಗಿತ್ತು ಗೊತ್ತಾ? ಆ ಜಾಗದಲ್ಲಿ ಈಗ ಬರೀ ತೂತು. ನಡಿ, ಅಂಗಡಿಗೆ ಹೋಗಿ ಕೇಳೋಣ."

ಅವಳನ್ನು ತಡೆಯುವವರು ಯಾರು? ಊರಿನ ದೊಡ್ಡ ಸಿ.ಡಿ. ಅಂಗಡಿಗೆ ಹೋದೆವು. ಗಲ್ಲಾಪೆಟ್ಟಿಗೆಯ ಹಿಂದೆ ಜುಟ್ಟು ಕಟ್ಟಿಕೊಂಡಿದ್ದ ಗೃಹಸ್ಥ. ದೊಡ್ಡಮ್ಮ ಸಿ.ಡಿ.ಯನ್ನು ಅವನ ಮುಂದೆ ಇಟ್ಟು ದೂರು ಹೇಳಿದಳು. ಅವನು ನೀಲಿ ಹೊದಿಕೆ ನೋಡಿ, ಅವಳ ಬಿಳಿ ಕೂದಲು ನೋಡಿ, ಮತ್ತೆ ಹೊದಿಕೆ ನೋಡಿದ. "ಇದನ್ನ ನೀವು ಕೇಳ್ತೀರಾ ಅಮ್ಮಾ?" ಎಂದ. ಅವನ ದನಿಯಲ್ಲಿ ಇದ್ದದ್ದು ಗೇಲಿಯಲ್ಲ, ಭಕ್ತಿ. ಇದಕ್ಕೆ ಪ್ರೊಗ್ರೆಸಿವ್ ಎಲೆಕ್ಟ್ರಾನಿಕ್ ಎನ್ನುತ್ತಾರೆ ಎಂದೂ, ಸ್ವರಗಳ ಒಂದು ಸಣ್ಣ ಸರಪಣಿಯನ್ನು ಯಂತ್ರಕ್ಕೆ ಕಲಿಸಿ ಸುತ್ತಲು ಬಿಟ್ಟು, ಅದನ್ನು ಚೂರು ಚೂರೇ ಬದಲಾಯಿಸುತ್ತಾ ಹೋಗಿ, ಅದರ ಮೇಲೆ ಗಿಟಾರು ಬಿಡುತ್ತಾರೆ ಎಂದೂ ವಿವರಿಸಿದ. ದೊಡ್ಡಮ್ಮನ ಮುಖ ಅರಳಿತು. ತನ್ನ ಸಂಗೀತಕ್ಕೆ ಒಂದು ಹೆಸರಿದೆ, ಒಂದು ಕುಲವಿದೆ, ಅಣ್ಣತಮ್ಮಂದಿರಿದ್ದಾರೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅವನು ಅದೇ ಜಾತಿಯ ಇನ್ನೂ ಕೆಲವು ಕೇಳಿಸಿದ. ದೊಡ್ಡಮ್ಮ ದೊಡ್ಡ ಹೆಡ್‌ಫೋನು ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, ಹಲ್ಲು ಪರೀಕ್ಷೆ ಮಾಡುವವಳ ಹಾಗೆ ಒಂದೊಂದಕ್ಕೂ ತೀರ್ಪು ಕೊಟ್ಟಳು. "ಇದು ಹಾಲುಹಲ್ಲು, ಇನ್ನೂ ಬಲಿತಿಲ್ಲ." "ಇವನ ಗಿಟಾರು ಅವಸರ, ಕರೆಯೋ ಮುಂಚೆ ಬಂದುಬಿಡ್ತಾನೆ." "ಹಾಂ, ಇದಕ್ಕೆ ಬೇರಿದೆ. ಇದನ್ನ ಕಟ್ಟಿಕೊಡಿ."

"ಸರಿ, ನನ್ನ ವಾದ್ಯದ ವಿಷಯ ಏನಾಯ್ತು?" ಎಂದು ಕೊನೆಗೆ ಪಟ್ಟು ಹಿಡಿದಳು.

ಅಂಗಡಿಯವನು ಹೊದಿಕೆಯ ಒಳಗಿನ ಸಣ್ಣಕ್ಷರ ಓದಿದ. "ಅಮ್ಮಾ, ಇದರಲ್ಲಿ ನುಡಿಸಿರೋರು ಇಬ್ರೇ. ಒಬ್ಬ ಕೀಬೋರ್ಡು, ಒಬ್ಬ ಗಿಟಾರು. ಮೂರನೆಯವನೇ ಇಲ್ಲ."

"ಇದ್ದ. ನಾನು ದಿನಾ ಕೇಳಿದೀನಿ."

"ಹಾಡಿ ತೋರಿಸಿ ನೋಡೋಣ."

ದೊಡ್ಡಮ್ಮ ಗಂಟಲು ಸರಿ ಮಾಡಿಕೊಂಡು, ಹುಬ್ಬು ಮೇಲೆತ್ತಿ, ಹಾಡಿದಳು. ಝೀಂ... ಝೀಂಯ್ಯ್... ಝೀಂ. ಅಂಗಡಿಯವನಿಗೆ ಅರ್ಥವಾಗಲಿಲ್ಲ. ನನ್ನ ದವಡೆ ಹಲ್ಲಿಗೆ ಅರ್ಥವಾಯಿತು. ನಾನು ಹಲ್ಲು ಕಚ್ಚಿಕೊಂಡೆ. ಹೇಳುವ ಧೈರ್ಯ ನನಗಿರಲಿಲ್ಲ.

"ಡಾಕ್ಟ್ರನ್ನ ಕೇಳೋಣ, ನನ್ನಷ್ಟೇ ಅವರೂ ಕೇಳಿದಾರೆ" ಎಂದು ಅಲ್ಲಿಂದ ನೇರ ಅವರ ಮನೆಗೆ ಹೊರಡಿಸಿದಳು. ಡಾಕ್ಟರು ಹಿತ್ತಲಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ನಿಂತ ನಿಲುವಿನಲ್ಲೇ ಅವಳು ಮತ್ತೆ ಹಾಡಿದಳು. ಅವರು ಇನ್ನೊಂದು ಸಲ ಹಾಡಿಸಿದರು. ನೀರಿನ ಡಬ್ಬ ಕೆಳಗಿಟ್ಟು, ಕನ್ನಡಕ ತೆಗೆದು, ಬಹಳ ಮೆಲ್ಲಗೆ ಹೇಳಿದರು.

"ಸಿಸ್ಟರ್, ಆ ಮೂರನೆಯವನು ನಾನು."

ದೊಡ್ಡಮ್ಮ ಅವರ ಮುಖ ನೋಡಿದಳು. ಅವರ ಬಲಗೈ ತಾನಾಗಿಯೇ ಡ್ರಿಲ್ಲು ಹಿಡಿದ ಹಾಗೆ ಬೆರಳು ಕೂಡಿಸಿಕೊಂಡಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನ್ನ ಜೀವನದಲ್ಲಿ ಇಂಥಾ ಹೊಗಳಿಕೆ ಯಾರೂ ಕೊಟ್ಟಿಲ್ಲ ಸಿಸ್ಟರ್!" ಎಂದರು. ನಾನೂ ನಕ್ಕೆ. ದೊಡ್ಡಮ್ಮ ನಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಮ್ಮ ಸ್ಟಾಪು ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು.

"ಹಲ್ಲು ಕೊರೆಯೋ ಸದ್ದನ್ನ ಸಂಗೀತ ಅಂದ್ಕೊಂಡು ಕುಣಿದೆನಲ್ಲ. ಓಡಿ ಹೋದೋರೇ ಬುದ್ಧಿವಂತರು."

"ಗಿಟಾರು ಇದೆಯಲ್ಲ ದೊಡ್ಡಮ್ಮ. ಅದು ನಿಜವಾಗ್ಲೂ ಇದೆ."

"ಏನೋ. ಅದಾದ್ರೂ ಇಷ್ಟ ಆಗಿದ್ದು ಡ್ರಿಲ್ಲು ನಿಲ್ತಾ ಇತ್ತು ಅಂತ್ಲೇ ಇರಬೇಕು. ನನಗೆ ಸಂಗೀತ ಗೊತ್ತು ಅನ್ನೋದೇ ಸುಳ್ಳು ಕಣೆ."

ಎಷ್ಟು ಸಮಾಧಾನ ಹೇಳಿದರೂ ತಲೆ ಅಲ್ಲಾಡಿಸಿದಳು. ಮನೆಗೆ ಹೋದವಳೇ ಪ್ಲೇಯರಿನ ಮೇಲೆ ಒಂದು ಟವೆಲ್ಲು ಹೊದಿಸಿದಳು. ಅಂಗಡಿಯಿಂದ ಕಟ್ಟಿಸಿ ತಂದದ್ದನ್ನು ಬಿಚ್ಚಲೂ ಇಲ್ಲ. ನನಗೆ ಆ ಟವೆಲ್ಲು ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಊರಿಗೆಲ್ಲ ಧೈರ್ಯ ಕೊಟ್ಟ ಹೆಂಗಸು, ತಾನು ಪ್ರೀತಿಸಿದ್ದು ನಿಜವೋ ಸುಳ್ಳೋ ಎಂದು ತಿಳಿಯದೆ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದಳು.

ಹೀಗೆ ಕೆಲವು ವಾರ ಕಳೆದಿತ್ತು. ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಅಡುಗೆಮನೆಯಿಂದ ದೊಡ್ಡಪ್ಪ ಒದ್ದೆ ಕೈಯಲ್ಲಿ ಹೊರಗೆ ಬಂದ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಟವೆಲ್ಲು ಹೊದ್ದ ಪ್ಲೇಯರನ್ನು ನೋಡಿದ.

"ಏನೇ, ನಿನ್ನ ಪೆಟ್ಟಿಗೆ ಕೆಟ್ಟೋಯ್ತಾ?"

"ಇಲ್ಲ."

"ಮತ್ಯಾಕೆ ಹಾಕ್ತಿಲ್ಲ? ಅದಿಲ್ಲದೆ ನನಗೆ ಒಳಗೆ ಕೈಯೇ ಓಡ್ತಿಲ್ಲ. ನಿನ್ನೆ ಎರಡು ಸಲ ಉಪ್ಪು ಹಾಕ್ದೆ."

ದೊಡ್ಡಮ್ಮ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟಳು. "ನೀವು ಕೇಳ್ತಿದ್ರಾ?"

"ಕೇಳದೆ ಏನು, ಕಿವಿ ಮುಚ್ಕೊಂಡು ಅಡುಗೆ ಮಾಡ್ಲಾ?"

"ನಾನು ಹಾಕಿದ ತಕ್ಷಣ ಎದ್ದು ಹೋಗ್ತಿದ್ರಲ್ರೀ!"

"ಹೋಗ್ತಿದ್ದೆ. ಅದು ಶುರುವಾದ್ರೆ ನಾನೂ ಹೆಚ್ಚೋಕೆ ಶುರು ಮಾಡ್ತೀನಿ. ಅದರ ಜೊತೆ ಹೆಚ್ಚಿದ್ರೆ ಬೀನ್ಸು ಎಲ್ಲಾ ಒಂದೇ ಅಳತೆ ಬರುತ್ತೆ."

ನಾನು ನಗು ತಡೆದುಕೊಂಡೆ. ದೊಡ್ಡಮ್ಮನಿಗೆ ನಗುವ ಸ್ಥಿತಿ ಇರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ತಾನು ಮೆಚ್ಚಿದ್ದು ಹಾಡನ್ನಲ್ಲ, ಡ್ರಿಲ್ಲನ್ನು ಎಂದಳು. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡ.

"ಡ್ರಿಲ್ಲು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ ಕಣೆ. ನಾನು ಕೇಳಿದ್ರಲ್ಲಿ ಡ್ರಿಲ್ಲು ಇರ್ಲೇ ಇಲ್ಲ. ಆದ್ರೂ ಚೆನ್ನಾಗಿತ್ತಲ್ಲ?"

"ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ. ಪುಟ್ಟೀನ ಕೇಳ್ದೆ, ಅಂಗಡಿಯವನ್ನ ಕೇಳ್ದೆ, ಡಾಕ್ಟ್ರನ್ನ ಕೇಳ್ದೆ." ಅವನ ಮಾತಿನಲ್ಲಿ ಮುನಿಸಿರಲಿಲ್ಲ, ಮೀಟರ್ ಓದಿ ಹೇಳಿದ ಹಾಗಿತ್ತು. "ಅದರಲ್ಲೂ ಆ ಗಿಟಾರಿನವನು. ಎರಡು ಸಲವೂ ಎಷ್ಟು ಹದವಾಗಿ ಬರ್ತಾನೆ!"

"ಎರಡು ಸಲ ಎಲ್ಲಿ? ಒಂದೇ ಸಲ."

"ಎರಡು ಸಲ."

"ನನಗೇ ಹೇಳ್ಕೊಡ್ತೀರಾ? ದಿನಕ್ಕೆ ನಾಲ್ಕೈದು ಸಲ 'ಗಿಟಾರು ಬಂತು, ನಿಲ್ಸಿ' ಅಂತ ಡಾಕ್ಟ್ರನ್ನ ತಿವಿದಿರೋ ಕೈ ಇದು."

"ಅದು ಎರಡನೇ ಸಲದ್ದು. ಮೊದಲ್ನೇ ಸಲ ಬಂದಾಗ ನಾನು ಒಲೆ ಸಣ್ಣ ಮಾಡ್ತೀನಿ. ಎರಡನೇ ಸಲ ಬಂದಾಗ ಆರಿಸ್ತೀನಿ. ಬೇಕಿದ್ರೆ ಹಾಕಿ ನೋಡು."

ಜಗಳಕ್ಕೆ ಕರೆದರೆ ದೊಡ್ಡಮ್ಮ ಯಾವತ್ತೂ ಹಿಂದೆಗೆದವಳಲ್ಲ. ಟವೆಲ್ಲು ಕಿತ್ತು ಎಸೆದು ಸಿ.ಡಿ. ಹಾಕಿದಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೊರೆತ ಬಂತು, ಸರಪಣಿ ಸುತ್ತತೊಡಗಿತು. ದೊಡ್ಡಪ್ಪ ಬಾಗಿಲಲ್ಲೇ ನಿಂತು ಯಾವ ಅವಸರವೂ ಇಲ್ಲದೆ ಕೈಯಿಂದ ನೀರು ಕೊಡವುತ್ತಿದ್ದ. ಸ್ವರಗಳು ಒಂದರ ಮೇಲೊಂದು ಬಿದ್ದು ದಟ್ಟವಾದವು. ಅವಳು "ತೂತು" ಎಂದಿದ್ದ ಜಾಗ ಬಂತು. ಇಷ್ಟು ದಿನ ಆ ಜಾಗ ಬಂದಾಗಲೆಲ್ಲ ಅವಳು ಇಲ್ಲದ್ದನ್ನು ಹುಡುಕುತ್ತಿದ್ದಳು. ಈಗಲೂ ಅವಳ ಮುಖ ಅದನ್ನೇ ಹುಡುಕುವಂತೆ ಸಣ್ಣದಾಯಿತು.

ದೊಡ್ಡಪ್ಪ ಒದ್ದೆ ಬೆರಳೊಂದನ್ನು ಮೇಲೆತ್ತಿದ.

"ಈಗ."

ಬಹಳ ಕೆಳಗೆ, ಆ ಸುತ್ತುವ ಸ್ವರಗಳ ಅಡಿಯಲ್ಲಿ, ಒಂದು ತಂತಿ ಮಿಡಿಯಿತು. ನಿಂತಿತು. ಮತ್ತೆ ಮಿಡಿಯಿತು. ಪಕ್ಕದ ಕೋಣೆಯಲ್ಲಿ ಯಾರೋ ತಮಗಾಗಿ ಮಾತ್ರ ನುಡಿಸಿಕೊಳ್ಳುವಷ್ಟು ಮೆತ್ತಗೆ. ಬಂದದ್ದೂ ಗೊತ್ತಾಗದಂತೆ, ಹೋದದ್ದೂ ಗೊತ್ತಾಗದಂತೆ. ನಾನು ಅಷ್ಟು ವರ್ಷ ಬೆಂಚಿನ ಮೇಲೆ ಕೂತಿದ್ದವಳು, ನಾನೂ ಅದನ್ನು ಕೇಳಿದ್ದು ಆಗಲೇ ಮೊದಲು.

ದೊಡ್ಡಮ್ಮನ ಕೈ ಸೊಂಟದಿಂದ ಜಾರಿತು. ಮಂಚದ ಮೇಲೆ ಕುಸಿದು ಕೂತಳು. ಮಡಚಿಟ್ಟ ಬಟ್ಟೆಯ ಮೇಲೆಯೇ ಕೂತದ್ದು ಅವಳಿಗೆ ಗೊತ್ತಾಗಲಿಲ್ಲ. ಪ್ಲೇಯರಿನಿಂದ ಕಣ್ಣು ಕೀಳದೆ ಕೇಳಿದಳು.

"ಇದು... ಹಳೇ ಕ್ಯಾಸೆಟ್ಟಿನಲ್ಲೂ ಇತ್ತಾ? ಅಷ್ಟು ವರ್ಷಾನೂ ಇತ್ತಾ?"

"ಇದ್ದೇ ಇರುತ್ತೆ ಕಣೆ" ಎಂದ ದೊಡ್ಡಪ್ಪ. "ನಿಂಗೆ ಕೈತುಂಬ ಕೆಲಸ ಇತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮಂಚದ ಮೇಲೆ ಸ್ವಲ್ಪ ಆಚೆ ಸರಿದಳು. ಅವನು ಬಂದು ಪಕ್ಕದಲ್ಲಿ ಕೂತ. ಗಿಟಾರು ಎರಡನೆಯ ಸಲ ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.